ನೆರೆಯವರ ಭಾಷೆಯ ಮೊದಲ ಪಾಠ

ಇಮ್ಮಡಿ ಪುಲಕೇಶಿಯ ಹೆಸರು ಕೇಳದ ಕನ್ನಡಿಗರಿಲ್ಲ. ಉತ್ತರದ ಹರ್ಷವರ್ಧನನಿಗೆ ಬಗ್ಗದ ಬಾದಾಮಿಯ ಈ ಅರಸನ ಕತೆಯನ್ನು ನಾವೆಲ್ಲ ಶಾಲೆಯಲ್ಲೇ ಓದಿದ್ದೇವೆ. ಈ ಕತೆಗೆ ಮುಖ್ಯವಾಗಿ ಎರಡು ಆಧಾರಗಳಿವೆ. ಒಂದು, ರವಿಕೀರ್ತಿ ಬರೆದ 634ರ ಐಹೊಳೆ ಶಾಸನ. ರವಿಕೀರ್ತಿ ಪುಲಕೇಶಿಯ ಆಶ್ರಯದಲ್ಲಿದ್ದ ಕವಿ. ತನ್ನ ದೊರೆಯನ್ನು ಆತ ಹೊಗಳಿದ್ದರಲ್ಲಿ ಆಶ್ಚರ್ಯವಿಲ್ಲ. ಇನ್ನೊಂದು, ಯಾವ ಹಂಗೂ ಇಲ್ಲದ ಪರದೇಶಿಯೊಬ್ಬನ ಬರಹ. ನಮ್ಮ ಪಠ್ಯಪುಸ್ತಕಗಳು ಹ್ಯೂಯೆನ್ ತ್ಸಾಂಗ್ ಎಂದು ಕರೆಯುವ ಆ ಚೀನೀ ಬೌದ್ಧ ಯಾತ್ರಿಕ ಪುಲಕೇಶಿಯ ರಾಜ್ಯದ ಬಗ್ಗೆ ಬರೆದಿದ್ದಾನೆ. ಇಲ್ಲಿನ ಜನ ಸ್ವಾಭಿಮಾನಿಗಳು, ಉಪಕಾರ ಮಾಡಿದವರನ್ನು ಮರೆಯದವರು, ಅವಮಾನ ಮಾಡಿದವರನ್ನು ಬಿಡದವರು, ಆದರೆ ಸೇಡು ತೀರಿಸುವ ಮೊದಲು ಎಚ್ಚರಿಕೆ ಕೊಡುವವರು ಎಂದು ಆತ ವರ್ಣಿಸಿದ್ದಾನೆ. ಹರ್ಷನ ಸೈನ್ಯಕ್ಕೂ ಇವರನ್ನು ಮಣಿಸಲಾಗಲಿಲ್ಲ ಎಂದೂ ದಾಖಲಿಸಿದ್ದಾನೆ.

ಹದಿನಾರು ವರ್ಷಕ್ಕೂ ಹೆಚ್ಚು ಕಾಲ ಹೊರಗೆ ಅಲೆದು 645ರಲ್ಲಿ ತಾಯ್ನಾಡಿಗೆ ಮರಳಿದ ಈ ಯಾತ್ರಿಕನ ಗ್ರಂಥ ಮರುವರ್ಷವೇ ಸಿದ್ಧವಾಯಿತು. ಆದರೆ ಅದರಲ್ಲಿ ನಮ್ಮ ಬಗ್ಗೆ ಏನಿದೆ ಎಂಬುದು ನಮಗೆ ತಿಳಿದದ್ದು ಸಾವಿರದ ಇನ್ನೂರು ವರ್ಷಗಳ ನಂತರ. ಅದನ್ನು ಓದಿ ಹೇಳಿದವರು ಕನ್ನಡಿಗರಲ್ಲ, ಭಾರತೀಯರೂ ಅಲ್ಲ. 1857-58ರಲ್ಲಿ ಅದನ್ನು ಫ್ರೆಂಚ್ ಭಾಷೆಗೆ ತಂದವರು ಪ್ಯಾರಿಸಿನ ಸ್ಟಾನಿಸ್ಲಾಸ್ ಜೂಲಿಯಾನ್. 1884ರಲ್ಲಿ ಇಂಗ್ಲಿಷಿಗೆ ತಂದವರು ಲಂಡನ್ನಿನ ಸ್ಯಾಮ್ಯುವೆಲ್ ಬೀಲ್. ನಾವು ಬಳಸುವ 'ಹ್ಯೂಯೆನ್ ತ್ಸಾಂಗ್' ಎಂಬ ಹೆಸರೂ ಐರೋಪ್ಯರ ಹಳೆಯ ಕಾಗುಣಿತದಿಂದ ಬಂದದ್ದೇ. ಇಂದಿನ ಚೀನೀ ಉಚ್ಚಾರಕ್ಕೆ 'ಶ್ವೆನ್ ಚಾಂಗ್' ಎಂಬುದು ಹೆಚ್ಚು ಹತ್ತಿರ. ಪಕ್ಕದ ಮನೆಯವರು ನಮ್ಮ ಬಗ್ಗೆ ಏನು ಬರೆದಿದ್ದಾರೆಂದು ತಿಳಿಯಲು ನಾವು ಏಳು ಸಮುದ್ರದಾಚೆಯವರನ್ನು ಕೇಳಬೇಕಾಯಿತು.

ಹೀಗೇಕಾಯಿತು? ಎರಡು ಸಾವಿರ ವರ್ಷಗಳ ನಂಟಿದೆ ಎಂದು ಎಲ್ಲ ವೇದಿಕೆಗಳಲ್ಲೂ ಹೇಳಿಕೊಳ್ಳುವ ನಾವು ಆ ನೆರೆಯವರ ಭಾಷೆಯ ಅಕ್ಷರಾಭ್ಯಾಸವನ್ನು ಯಾವಾಗ ಆರಂಭಿಸಿದೆವು? ಅದನ್ನು ಮುಂದುವರಿಸಿದ್ದು ಹೇಗೆ? ನಮ್ಮ ವಿಶ್ವವಿದ್ಯಾಲಯಗಳ ಚೀನೀ ತರಗತಿಯ ಇತಿಹಾಸವನ್ನು ನೋಡಿದರೆ ಉತ್ತರ ಸಿಗುತ್ತದೆ.

ಅವರು ನಮ್ಮ ವಿದ್ಯಾರ್ಥಿಗಳಾಗಿದ್ದಾಗ

ಮೊದಲಿಗೆ ಕಲಿಯಲು ಬಂದವರು ಚೀನೀಯರು. ಬೌದ್ಧ ಗ್ರಂಥಗಳನ್ನು ಮೂಲದಲ್ಲೇ ಓದಬೇಕೆಂಬ ಹಂಬಲ ಅವರನ್ನು ಇಲ್ಲಿಗೆ ಕರೆತಂದಿತು. ಶ್ವೆನ್ ಚಾಂಗ್ ನಾಲಂದದಲ್ಲಿ ಕುಳಿತು ಸಂಸ್ಕೃತ ವ್ಯಾಕರಣ ಕಲಿತ. ಅವನ ನಂತರ ಬಂದ ಈ ಚಿಂಗ್ (ನಮ್ಮ ಪುಸ್ತಕಗಳ ಇತ್ಸಿಂಗ್) ಇನ್ನೂ ವ್ಯವಹಾರಸ್ಥ. 671ರಲ್ಲಿ ಹಡಗು ಹತ್ತಿದ ಆತ ನೇರವಾಗಿ ಭಾರತಕ್ಕೆ ಬರಲಿಲ್ಲ. ಇಂದಿನ ಇಂಡೊನೇಷ್ಯಾದ ಸುಮಾತ್ರದಲ್ಲಿದ್ದ ಶ್ರೀವಿಜಯದಲ್ಲಿ ಆರು ತಿಂಗಳು ನಿಂತು ಸಂಸ್ಕೃತದ ಮೊದಲ ಪಾಠ ಮುಗಿಸಿಕೊಂಡ. ಭಾರತಕ್ಕೆ ಹೋಗುವವರು ಮೊದಲು ಅಲ್ಲಿ ಒಂದೆರಡು ವರ್ಷ ಭಾಷೆ ಕಲಿತು ಮುಂದೆ ಸಾಗಲಿ ಎಂದು ತನ್ನವರಿಗೆ ಸಲಹೆಯನ್ನೂ ಬರೆದಿಟ್ಟ. ಸಂಸ್ಕೃತ ಪದಗಳಿಗೆ ಚೀನೀ ಅರ್ಥ ಕೊಡುವ, ಆರಂಭದ ವಿದ್ಯಾರ್ಥಿಗಳಿಗೆಂದೇ ಮಾಡಿದ ಒಂದು ಪದಕೋಶವೂ ಅವನ ಹೆಸರಿನಲ್ಲಿದೆ. ಅಂದರೆ ನಮ್ಮ ಭಾಷೆ ಕಲಿಯಲು ಅವರ ಬಳಿ ಸಾವಿರದ ಮುನ್ನೂರು ವರ್ಷಗಳ ಹಿಂದೆಯೇ ಕೈಪಿಡಿ ಇತ್ತು. ಅವರ ಭಾಷೆ ಕಲಿಯಲು ನಾವು ಮಾಡಿಕೊಂಡ ಅಂಥದೊಂದು ಹಳೆಯ ಕೈಪಿಡಿ ಉಳಿದು ಬಂದಿಲ್ಲ.

ಕಲಿಕೆಯ ಈ ಅಭ್ಯಾಸವನ್ನು ಚೀನಾದ ಆಡಳಿತವೂ ಬೆಳೆಸಿತು. 1407ರಲ್ಲಿ ಮಿಂಗ್ ಚಕ್ರವರ್ತಿ ಅನುವಾದಕರ ಶಾಲೆಯೊಂದನ್ನು ತೆರೆದ. ಆರಂಭದಲ್ಲಿ ಅದಕ್ಕಿದ್ದ ಎಂಟು ವಿಭಾಗಗಳಲ್ಲಿ ಮಂಗೋಲ್, ಟಿಬೆಟನ್, ಬರ್ಮೀ ಭಾಷೆಗಳ ಜೊತೆ ಪಾರಸಿಗೂ ಭಾರತದ ಬರಹಕ್ಕೂ ಒಂದೊಂದು ವಿಭಾಗವಿತ್ತು. ಅದೇ ಕಾಲದಲ್ಲಿ ನೌಕಾಧಿಪತಿ ಚಂಗ್ ಹ ನಮ್ಮ ಪಶ್ಚಿಮ ಕರಾವಳಿಗೆ ಹಡಗುಗಳ ದೊಡ್ಡ ದಂಡನ್ನೇ ತಂದ. ಆತ ಮುಸ್ಲಿಮ್ ಕುಟುಂಬದಲ್ಲಿ ಹುಟ್ಟಿದವನು. 1413ರ ಯಾತ್ರೆಯಿಂದ ಅವನ ದಂಡಿನಲ್ಲಿ ದುಭಾಷಿಯಾಗಿ ಸೇರಿಕೊಂಡ ಮಾ ಹ್ವಾನ್ ಕೂಡ ಮುಸ್ಲಿಮನೇ. ಕಲ್ಲಿಕೋಟೆ, ಕೊಚ್ಚಿಗಳ ಬಗ್ಗೆ ಆತ ಬರೆದದ್ದು ಇಂದಿಗೂ ಆ ಕಾಲದ ಮುಖ್ಯ ದಾಖಲೆ. ಕಲ್ಲಿಕೋಟೆಯ ಲೆಕ್ಕಿಗರು ಮಣಿಚೌಕಟ್ಟು ಬಳಸದೆ ಕೈಕಾಲುಗಳ ಇಪ್ಪತ್ತು ಬೆರಳುಗಳಲ್ಲೇ ಲೆಕ್ಕ ಮಾಡುತ್ತಾರೆ, ಕೂದಲೆಳೆಯಷ್ಟೂ ತಪ್ಪುವುದಿಲ್ಲ ಎಂದು ಆತ ಬೆರಗಿನಿಂದ ಹೇಳುತ್ತಾನೆ. ಇದೂ ನಮಗೆ ಇಂಗ್ಲಿಷಿನ ಮೂಲಕವೇ ತಲುಪಿದ್ದು.

ಸೆರಾಂಪುರದಿಂದ ಶಾಂತಿನಿಕೇತನಕ್ಕೆ

ಯುರೋಪಿನಲ್ಲಿ ಚೀನೀ ಭಾಷೆಗೆ ಮೊದಲ ವಿಶ್ವವಿದ್ಯಾಮಟ್ಟದ ಪೀಠ ಸಿಕ್ಕಿದ್ದು 1814ರಲ್ಲಿ, ಪ್ಯಾರಿಸಿನ ಕಾಲೇಜ್ ದ ಫ್ರಾನ್ಸ್‌ನಲ್ಲಿ. ಅದನ್ನೇರಿದ ಅಬೆಲ್ ರೆಮ್ಯುಸಾ ವೈದ್ಯಕೀಯ ಓದುತ್ತಿದ್ದಾಗ ಗಿಡಮೂಲಿಕೆಗಳ ಒಂದು ಚೀನೀ ಪುಸ್ತಕ ಕಂಡು, ಅದನ್ನು ಓದಲೇಬೇಕೆಂಬ ಹಟದಿಂದ ಗುರುವಿಲ್ಲದೆ ಭಾಷೆ ಕಲಿತವರು. ಅವರ ಶಿಷ್ಯರೇ ಪುಲಕೇಶಿಯ ಕತೆಯನ್ನು ಲೋಕಕ್ಕೆ ಓದಿ ಹೇಳಿದ ಜೂಲಿಯಾನ್. ಗುರುಶಿಷ್ಯರಿಬ್ಬರೂ ಚೀನಾವನ್ನು ಕಣ್ಣಿನಿಂದ ಕಂಡವರಲ್ಲ.

ಅದೇ 1814ರಲ್ಲಿ ಭಾರತದ ನೆಲದಲ್ಲೂ ಚೀನೀ ಭಾಷೆಯ ವ್ಯಾಕರಣವೊಂದು ಅಚ್ಚಾಯಿತು ಎಂಬುದು ಹೆಚ್ಚಿನವರಿಗೆ ತಿಳಿಯದು. ಬಂಗಾಳದ ಸೆರಾಂಪುರದಲ್ಲಿ ಪಾದ್ರಿ ಜೋಶುವಾ ಮಾರ್ಷ್‌ಮನ್ ಅದನ್ನು ಪ್ರಕಟಿಸಿದರು. ಅವರಿಗೆ ಭಾಷೆ ಕಲಿಸಿದವರು ಮಕಾವಿನಿಂದ ಬಂದ ಆರ್ಮೇನಿಯನ್ ಯೋಹಾನ್ನೆಸ್ ಲಾಸ್ಸರ್. ಬೈಬಲನ್ನು ಚೀನೀ ಭಾಷೆಗೆ ತರುವುದು ಆ ಪಾಠದ ಗುರಿ. ಹೀಗೆ ಕಲಿಕೆ ನಡೆದದ್ದು ನಮ್ಮ ನೆಲದಲ್ಲಾದರೂ ಅದರ ಉದ್ದೇಶ ನಮ್ಮದಾಗಿರಲಿಲ್ಲ.

ಭಾರತೀಯರು ತಮ್ಮದೇ ಅಗತ್ಯಕ್ಕಾಗಿ ಈ ಭಾಷೆಯ ಕಡೆ ಗಂಭೀರವಾಗಿ ತಿರುಗಿದ್ದರಲ್ಲಿ ರವೀಂದ್ರನಾಥ ಠಾಕೂರರ ಪಾತ್ರ ದೊಡ್ಡದು. 1921ರಲ್ಲಿ ಅವರು ಫ್ರಾನ್ಸಿನ ವಿದ್ವಾಂಸ ಸಿಲ್ವಾಂ ಲೆವಿಯವರನ್ನು ಶಾಂತಿನಿಕೇತನಕ್ಕೆ ಕರೆಸಿ ಚೀನೀ ಮತ್ತು ಟಿಬೆಟನ್ ಪಾಠ ಆರಂಭಿಸಿದರು. ಆ ಪಾಠಕ್ಕೆ ಕುಳಿತವರಲ್ಲಿ ಕಲ್ಕತ್ತಾದ ತರುಣ ಅಧ್ಯಾಪಕ ಪ್ರಬೋಧಚಂದ್ರ ಬಾಗ್ಚಿ ಒಬ್ಬರು. ಗುರುವಿನ ಬೆನ್ನು ಹಿಡಿದು ಬಾಗ್ಚಿ ಪ್ಯಾರಿಸಿಗೆ ಹೋದರು. ಈ ಚಿಂಗನ ಹೆಸರಿನಲ್ಲಿರುವ ಹಳೆಯ ಪದಕೋಶವನ್ನು ಸಂಪಾದಿಸಿ ಪ್ರಕಟಿಸಿದವರು ಇವರೇ. ಮುಂದೆ 1954ರಲ್ಲಿ ಇದೇ ವಿಶ್ವಭಾರತಿಯ ಕುಲಪತಿಯಾದರು.

1924ರಲ್ಲಿ ಠಾಕೂರರು ಸ್ವತಃ ಚೀನಾಕ್ಕೆ ಹೋದರು. ಅಲ್ಲಿ ಅವರಿಗೆ ಹೂಮಾಲೆಗಳಷ್ಟೇ ಸಿಗಲಿಲ್ಲ. ಪೂರ್ವದ ಆಧ್ಯಾತ್ಮಿಕತೆಯ ಮಾತು ನಮಗೆ ಬೇಡ, ನಮಗೆ ಬೇಕಾದದ್ದು ವಿಜ್ಞಾನ ಮತ್ತು ಕ್ರಾಂತಿ ಎಂದು ಕರಪತ್ರ ಹಂಚಿದ ಯುವಕರೂ ಇದ್ದರು. ಕವಿ ನೊಂದರೂ ಕೆಲಸ ಬಿಡಲಿಲ್ಲ. 1927ರಲ್ಲಿ ಸಿಂಗಾಪುರದಲ್ಲಿ ಹುನಾನ್ ಪ್ರಾಂತ್ಯದ ತರುಣ ಅಧ್ಯಾಪಕ ಥಾನ್ ಯುನ್‌ಶಾನ್ ಅವರನ್ನು ಭೇಟಿಯಾದರು. ಕವಿಯ ಕರೆಗೆ ಓಗೊಟ್ಟು 1928ರಲ್ಲಿ ಶಾಂತಿನಿಕೇತನಕ್ಕೆ ಬಂದ ಥಾನ್, ಬೆರಳೆಣಿಕೆಯ ವಿದ್ಯಾರ್ಥಿಗಳಿಗೆ ಚೀನೀ ಕಲಿಸತೊಡಗಿದರು. ಅದರೊಂದಿಗೆ ತಾವೇ ವಿದ್ಯಾರ್ಥಿಯಾಗಿ ಸಂಸ್ಕೃತ ಕಲಿಯತೊಡಗಿದರು. ಬಳಿಕ ಎರಡೂ ದೇಶ ಸುತ್ತಿ ಹಣ ಮತ್ತು ಗ್ರಂಥ ಕೂಡಿಸಿದರು. 1937ರ ಏಪ್ರಿಲ್ 14ರಂದು, ಬಂಗಾಳಿಗಳ ಹೊಸ ವರ್ಷದ ಹೊಸ್ತಿಲಲ್ಲಿ, ಚೀನಾ ಭವನ ತೆರೆಯಿತು. ಉದ್ಘಾಟಿಸಬೇಕಿದ್ದ ಜವಾಹರಲಾಲ್ ನೆಹರೂ ಅನಾರೋಗ್ಯದಿಂದ ಬರಲಾಗದೆ ಮಗಳು ಇಂದಿರಾರ ಕೈಯಲ್ಲಿ ಭಾಷಣ ಕಳಿಸಿದರು.

ಈ ಭವನಕ್ಕೆ 1942ರಲ್ಲಿ ಚಿಯಾಂಗ್ ಕೈ ಶೇಕ್ ಬಂದರು. 1957ರಲ್ಲಿ ಅವರ ಕಡುವೈರಿ ಪಕ್ಷದ ಪ್ರಧಾನಿ ಚೌ ಎನ್ ಲಾಯ್ ಕೂಡ ಬಂದರು. ಚೀನಾದಲ್ಲಿ ಸರಕಾರ ಬದಲಾದರೂ ತರಗತಿ ನಿಲ್ಲಲಿಲ್ಲ. ಕಲಿಯುವವರಿಗೆ ಅಂದು ಬೇಕಾಗಿದ್ದುದು ಚೀನಾದ ಭಾಷೆ. ಅಲ್ಲಿನ ಅಧಿಕಾರ ಯಾರ ಕೈಯಲ್ಲಿದೆ ಎಂಬುದು ಪಾಠಕ್ಕೆ ಅಡ್ಡಿಯಾಗಲಿಲ್ಲ.

ಆ ಕಡೆಯ ಕತೆಯೂ ಇದನ್ನೇ ಹೋಲುತ್ತದೆ. ಬಾಗ್ಚಿ ಚೀನೀ ಕಲಿಯಲು ಪ್ಯಾರಿಸಿಗೆ ಹೋದಂತೆ, ಚೀನಾದ ಚಿ ಶ್ಯೆನ್‌ಲಿನ್ ಸಂಸ್ಕೃತ ಕಲಿಯಲು ಜರ್ಮನಿಯ ಗಟಿಂಗೆನ್‌ಗೆ ಹೋಗಬೇಕಾಯಿತು. ಹತ್ತು ವರ್ಷಗಳ ನಂತರ ಮರಳಿದ ಅವರು 1946ರಲ್ಲಿ ಪೀಕಿಂಗ್ ವಿಶ್ವವಿದ್ಯಾಲಯದಲ್ಲಿ ಪೂರ್ವದೇಶಗಳ ಭಾಷಾ ವಿಭಾಗ ಕಟ್ಟಿದರು. ಮರುವರ್ಷ ಭಾರತ ಸರಕಾರ ಅದೇ ವಿಶ್ವವಿದ್ಯಾಲಯಕ್ಕೆ ಬಾಗ್ಚಿಯವರನ್ನು ಸಂದರ್ಶಕ ಪ್ರಾಧ್ಯಾಪಕರಾಗಿ ಕಳಿಸಿತು. ವಿದ್ಯಾರ್ಥಿಗಳ ಒಂದು ಸಣ್ಣ ತಂಡಕ್ಕೆ ವಿದ್ಯಾರ್ಥಿವೇತನವನ್ನೂ ಕೊಟ್ಟಿತು. ಆ ತಂಡದಲ್ಲಿದ್ದ ವಿ.ವಿ. ಪರಾಂಜಪೆ ಮುಂದೆ ರಾಜತಾಂತ್ರಿಕರಾಗಿ, ನೆಹರೂ ಮತ್ತು ಮಾವೋ ನಡುವಿನ ಮಾತುಕತೆಗೆ ದುಭಾಷಿಯಾದರು. ಹತ್ತು ಜನಕ್ಕೆ ಭಾಷೆ ಕಲಿಸಿದರೆ ಒಬ್ಬರಾದರೂ ಇಂಥ ಹೊತ್ತಿಗೆ ಒದಗುತ್ತಾರೆ ಎಂಬುದಕ್ಕೆ ಇದು ಉದಾಹರಣೆ.

ತರಗತಿಯ ಒಳಗೆ

ಅಷ್ಟಕ್ಕೂ ಆ ಮೊದಲ ಪಾಠದಲ್ಲಿ ಇರುವುದೇನು? ಚೀನೀ ಎಂದರೆ ಮನುಷ್ಯಮಾತ್ರರಿಗೆ ಬಾರದ ಭಾಷೆ ಎಂಬ ಭಯ ನಮ್ಮಲ್ಲಿದೆ. ಅರ್ಥವಾಗದ ಯಾವುದೇ ಬರಹವನ್ನು ಕಂಡರೆ 'ಇದೇನು ಚೀನೀ ಲಿಪಿಯೋ?' ಎಂದು ನಗುತ್ತೇವೆ. ಒಂದಿಷ್ಟು ಒಳಹೊಕ್ಕು ನೋಡುವುದು ಒಳ್ಳೆಯದು.

ಮೊದಲ ದಿನದ ಪಾಠ ಸಾಮಾನ್ಯವಾಗಿ 'ಮಾ' ಎಂಬ ಒಂದೇ ಉಲಿಯದ್ದು. ಸ್ವರವನ್ನು ಎತ್ತರದಲ್ಲಿ ಸಮನಾಗಿ ಹಿಡಿದರೆ ಅಮ್ಮ. ನಾವು ಅಚ್ಚರಿಯಿಂದ 'ಹೌದಾ?' ಎನ್ನುವಾಗ ದನಿ ಏರುವಂತೆ ಏರಿಸಿದರೆ ನಾರಿನ ಗಿಡ. ತಗ್ಗಿಸಿ ಮತ್ತೆ ಎತ್ತಿದರೆ ಕುದುರೆ. 'ಸಾಕು!' ಎಂದು ಗದರುವಂತೆ ಮೇಲಿನಿಂದ ಕೆಳಕ್ಕೆ ಇಳಿಸಿದರೆ ಬೈಯುವುದು. ಅಮ್ಮನನ್ನು ಕರೆಯಹೋಗಿ ಕುದುರೆಯನ್ನು ಕರೆದವರು ಪ್ರತಿ ತರಗತಿಯಲ್ಲೂ ಇರುತ್ತಾರೆ. ಅಂದ ಹಾಗೆ, ಚೀನಾದ ಮುಸ್ಲಿಮರಲ್ಲಿ ಬಹಳ ಸಾಮಾನ್ಯವಾದ ಮನೆತನದ ಹೆಸರು ಇದೇ ಕುದುರೆಯ 'ಮಾ'. ಮುಹಮ್ಮದ್ ಎಂಬ ಹೆಸರಿನ ಧ್ವನಿಗೆ ಹತ್ತಿರವೆಂದು ಅದನ್ನು ಆರಿಸಿಕೊಂಡರೆಂದು ಹೇಳುವುದುಂಟು. ಮೇಲೆ ಹೇಳಿದ ದುಭಾಷಿ ಮಾ ಹ್ವಾನ್‌ನದೂ ಅದೇ ಹೆಸರು. ನೌಕಾಧಿಪತಿ ಚಂಗ್ ಹ ಹುಟ್ಟಿದ್ದೂ ಮಾ ಮನೆತನದಲ್ಲೇ.

ಬರಹಕ್ಕೂ ಒಂದು ಕ್ರಮವಿದೆ. ಮರದ ಒಂದು ಚಿಹ್ನೆಗೆ ಇನ್ನೊಂದು ಸೇರಿದರೆ ತೋಪು, ಮೂರು ಸೇರಿದರೆ ದಟ್ಟ ಕಾಡು. ಮರಕ್ಕೆ ಒರಗಿದ ಮನುಷ್ಯನೆಂದರೆ ವಿಶ್ರಾಂತಿ. ಎಲ್ಲವೂ ಹೀಗೆ ಚಿತ್ರಗಳಲ್ಲ. ಹೆಚ್ಚಿನ ಅಕ್ಷರಗಳಲ್ಲಿ ಒಂದು ಭಾಗ ಅರ್ಥದ ಸುಳಿವು ಕೊಟ್ಟರೆ ಇನ್ನೊಂದು ಉಚ್ಚಾರದ ಸುಳಿವು ಕೊಡುತ್ತದೆ. ಹೆಣ್ಣಿನ ಚಿಹ್ನೆಯ ಪಕ್ಕ ಕುದುರೆ ನಿಂತರೆ ಅಮ್ಮನ 'ಮಾ', ಎರಡು ಬಾಯಿಗಳ ಕೆಳಗೆ ಕುದುರೆ ನಿಂತರೆ ಬೈಗಳದ 'ಮಾ'. ಪತ್ರಿಕೆ ಓದಲು ಸುಮಾರು 3,000 ಅಕ್ಷರ ಬೇಕು. ಇದು ಕಷ್ಟ, ನಿಜ. ಆದರೆ ವರ್ಷಗಟ್ಟಲೆ ದಿನಕ್ಕೆ ನಾಲ್ಕೈದು ಅಕ್ಷರ ತಿದ್ದುವ ತಾಳ್ಮೆ ಇದ್ದರೆ ಆಗದ್ದೇನಲ್ಲ.

ಕನ್ನಡ ಬಲ್ಲವರಿಗೆ ಇಲ್ಲಿ ಕೆಲವು ಅನುಕೂಲಗಳೂ ಇವೆ. 1958ರಲ್ಲಿ ಚೀನಾ ತನ್ನ ಭಾಷೆಯನ್ನು ರೋಮನ್ ಅಕ್ಷರಗಳಲ್ಲಿ ಬರೆಯುವ ಪಿನ್‌ಯಿನ್ ಪದ್ಧತಿಯನ್ನು ಅಂಗೀಕರಿಸಿತು. ಹೆಚ್ಚಿನ ಕಡೆ ಆರಂಭದ ಪಾಠ ಈಗ ಅದರಲ್ಲೇ ನಡೆಯುತ್ತದೆ. ಅದರಲ್ಲಿನ 'ಡಿ' ಅಕ್ಷರವನ್ನು ಇಂಗ್ಲಿಷಿನಂತೆ ಓದಿದವರು ದಾರಿ ತಪ್ಪುತ್ತಾರೆ. 'ಡಿ' ಎಂದು ಬರೆದದ್ದು ನಮ್ಮ ಅಲ್ಪಪ್ರಾಣ ತಕಾರಕ್ಕೆ ಹತ್ತಿರ, 'ಟಿ' ಎಂದು ಬರೆದದ್ದು ಮಹಾಪ್ರಾಣ ಥಕಾರಕ್ಕೆ ಹತ್ತಿರ. 'ತಾ' ಎಂದರೆ ದೊಡ್ಡದು, 'ಥಾ' ಎಂದರೆ ಅವನು ಅಥವಾ ಅವಳು. ಸ್ವರದ ಏರಿಳಿತದ ಜೊತೆ ಪ್ರಾಣದ ಈ ವ್ಯತ್ಯಾಸವೂ ಮುಖ್ಯ. ನಾವು ಬೀಜಿಂಗ್ ಎನ್ನುವ ಊರನ್ನು ಅಲ್ಲಿನವರು 'ಪೆಯ್‌ಚಿಂಗ್' ಎನ್ನುವುದಕ್ಕೂ ಇದೇ ಕಾರಣ. ಇಂಗ್ಲಿಷರ ಮಕ್ಕಳು ತಿಂಗಳುಗಟ್ಟಲೆ ಒದ್ದಾಡುವ ಈ ಭೇದವನ್ನು ಕನ್ನಡ ಕಾಗುಣಿತ ಒಂದನೆಯ ತರಗತಿಯಲ್ಲೇ ಕಲಿಸುತ್ತದೆ.

ವಾಕ್ಯರಚನೆಯಲ್ಲೂ ಅಲ್ಲಲ್ಲಿ ಪರಿಚಯದ ಮುಖಗಳು ಕಾಣುತ್ತವೆ. ಚೀನೀಯಲ್ಲಿ ಪ್ರಶ್ನೆ ಮಾಡಬೇಕಾದರೆ ವಾಕ್ಯ ತಿರುಗಿಸಬೇಕಿಲ್ಲ, ಕೊನೆಗೊಂದು ಹಗುರ 'ಮಾ' ಸೇರಿಸಿದರೆ ಸಾಕು. ನಾವು 'ಬಂದ' ಎಂಬುದನ್ನು 'ಬಂದನಾ?' ಮಾಡಿದ ಹಾಗೆ. 'ನೀ ಲಾಯ್ ಮಾ?' ಎಂದರೆ 'ನೀ ಬರ್ತೀಯಾ?'. ಇಲ್ಲಿನ 'ನೀ' ನಮ್ಮ 'ನೀ'ಯಂತೆಯೇ ಕೇಳಿಸುವುದು ಕೇವಲ ಆಕಸ್ಮಿಕ. ಆದರೂ ಕನ್ನಡದ ವಿದ್ಯಾರ್ಥಿಗೆ ಅದು ಮೊದಲ ದಿನದ ಉಡುಗೊರೆ. ಎಣಿಸುವಾಗ ನಾವು ಜನರನ್ನು 'ಮೂವರು' ಎಂದೂ ವಸ್ತುಗಳನ್ನು 'ಮೂರು' ಎಂದೂ ಬೇರೆ ಮಾಡುತ್ತೇವೆ. ಚೀನೀಯರು ಇದನ್ನೇ ಇನ್ನಷ್ಟು ವಿಸ್ತರಿಸಿ ಪುಸ್ತಕಕ್ಕೊಂದು, ಪ್ರಾಣಿಗೊಂದು, ಕಾಗದದಂಥ ಹಾಳೆಗೊಂದು ಎಣಿಕೆಯ ಪದ ಇಟ್ಟುಕೊಂಡಿದ್ದಾರೆ. ಕ್ರಿಯಾಪದಕ್ಕಂತೂ ನಮ್ಮ ಹಾಗೆ ಲಿಂಗ, ವಚನ, ಪುರುಷಗಳ ಬಾಲಗಳಿಲ್ಲ. ನಾನು, ನೀನು, ಅವಳು ಯಾರೇ ಹೋದರೂ ಕ್ರಿಯಾಪದ ಒಂದೇ.

ಪದಗಳನ್ನು ನೋಡಿ. ನಾವು ಕುಡಿಯುವ ಚಹಾ ಅವರ 'ಛಾ'. ಅವರ ಜನ ಹೂವಿಗೆ 'ಮೋಲಿ' ಎನ್ನುತ್ತಾರೆ. ಅದು ಸಂಸ್ಕೃತದ ಮಲ್ಲಿಕಾ, ನಮ್ಮ ಅಂಗಳದ ಮಲ್ಲಿಗೆ. ಕ್ಷಣಕ್ಕೆ ಅವರ 'ಛಾನಾ' ಎಂಬ ಪದ ಬಂದದ್ದು 'ಕ್ಷಣ'ದಿಂದಲೇ. ಯಾವುದೋ ಕಾಲದಲ್ಲಿ ಒಬ್ಬ ಭಿಕ್ಷುವೋ ವ್ಯಾಪಾರಿಯೋ ಹೊತ್ತೊಯ್ದ ಪದಗಳು ಅಲ್ಲಿನ ಮಣ್ಣಿನಲ್ಲಿ ಬೇರುಬಿಟ್ಟಿವೆ. ಕನ್ನಡದ ವಿದ್ಯಾರ್ಥಿಯೊಬ್ಬ ಅವನ್ನು ಕಂಡಾಗ ಈ ಭಾಷೆ ಅವನಿಗೆ ಪೂರ್ತಿ ಪರಕೀಯವಾಗಿ ಉಳಿಯುವುದಿಲ್ಲ. ಮೊದಲ ವರ್ಷದ ಪಾಠದಿಂದ ಯಾರೂ ವಿದ್ವಾಂಸರಾಗುವುದಿಲ್ಲ. ಆದರೆ ಎದುರಿನವರೂ ನಮ್ಮಂತೆಯೇ ಅಮ್ಮನನ್ನು ಕರೆಯುತ್ತಾರೆ, ಬೈಯುತ್ತಾರೆ, ಚಹಾ ಕುಡಿಯುತ್ತಾರೆ ಎಂಬುದು ಅವರದೇ ಮಾತಿನಲ್ಲಿ ತಿಳಿಯುತ್ತದೆ.

1962ರ ಗಾಯ

1962ರ ಅಕ್ಟೋಬರಿನಲ್ಲಿ ಹಿಮಾಲಯದ ಗಡಿಯಲ್ಲಿ ಯುದ್ಧ ಸಿಡಿಯಿತು. ಅದರ ಸೋಲು ದೇಶದ ಮನಸ್ಸಿನಲ್ಲಿ ಮಾಡಿದ ಗಾಯ ಸಣ್ಣದಲ್ಲ. ಪ್ರಾಣ ತೆತ್ತ ಸೈನಿಕರನ್ನು ಮರೆತು ಯಾರೂ ಈ ಅಧ್ಯಾಯದ ಬಗ್ಗೆ ಮಾತಾಡಬಾರದು. ಆದರೆ ಆ ದಿನಗಳಲ್ಲಿ ನಡೆದ ಇನ್ನೊಂದು ಸಂಗತಿಯನ್ನೂ ಮರೆಯಬಾರದು. ತಲೆಮಾರುಗಳಿಂದ ಕಲ್ಕತ್ತಾ, ಅಸ್ಸಾಮ್, ಡಾರ್ಜಿಲಿಂಗ್ ಕಡೆ ನೆಲೆಸಿದ್ದ ಚೀನೀ ಮೂಲದ ಸುಮಾರು 3,000 ಮಂದಿಯನ್ನು ಹಿಡಿದು ರಾಜಸ್ಥಾನದ ದೇವ್ಲಿಯ ಶಿಬಿರದಲ್ಲಿ ಇರಿಸಲಾಯಿತು. ಬಡಗಿಗಳು, ಚಪ್ಪಲಿ ಹೊಲಿಯುವವರು, ಚಹಾ ತೋಟದವರು, ಹೆಂಗಸರು, ಮಕ್ಕಳು, ಮುದುಕರು ಅವರಲ್ಲಿದ್ದರು. ಕೆಲವರ ಬಿಡುಗಡೆ 1967ರವರೆಗೂ ಆಗಲಿಲ್ಲ. ಮರಳಿದ ಹಲವರಿಗೆ ಮನೆಯೂ ಇರಲಿಲ್ಲ, ಅಂಗಡಿಯೂ ಇರಲಿಲ್ಲ.

ವಿಪರ್ಯಾಸ ನೋಡಿ. ಚೀನೀ ಭಾಷೆ ಬಲ್ಲವರು ದೇಶದಲ್ಲಿ ಸಾಲದು ಎಂಬುದು ಸರಕಾರಕ್ಕೆ ಅರಿವಾದದ್ದು ಅದೇ ಹೊತ್ತಿನಲ್ಲಿ. ರಕ್ಷಣಾ ಸಚಿವಾಲಯದ ಭಾಷಾ ಶಾಲೆಗೆ ಮಹತ್ವ ಬಂತು. 1964ರಲ್ಲಿ ದಿಲ್ಲಿ ವಿಶ್ವವಿದ್ಯಾಲಯದಲ್ಲಿ ಚೀನೀ ಅಧ್ಯಯನ ಕೇಂದ್ರ ಆರಂಭವಾಯಿತು. ಒಂದು ಕಡೆ ಆ ಅಕ್ಷರಗಳನ್ನು ಮನೆಯಲ್ಲೇ ಕಲಿತಿದ್ದ ನಮ್ಮದೇ ನೆಲದ ಜನ ಮುಳ್ಳುತಂತಿಯ ಹಿಂದೆ ಇದ್ದರು. ಇನ್ನೊಂದು ಕಡೆ ಅದೇ ಅಕ್ಷರಗಳನ್ನು ಕಲಿಸಲು ಸರಕಾರ ಹಣ ಖರ್ಚು ಮಾಡುತ್ತಿತ್ತು. ಬಂಧಿತರಲ್ಲಿ ಹೆಚ್ಚಿನವರ ಮನೆಮಾತು ಹಕ್ಕಾ ಅಥವಾ ಕ್ಯಾಂಟನೀಸ್, ಪಾಠದ ಮ್ಯಾಂಡರಿನ್ ಅಲ್ಲ ಎಂಬುದು ನಿಜ. ಆದರೆ ಬರಹ ಎಲ್ಲರಿಗೂ ಒಂದೇ. ಅವರನ್ನು ಗುರುಗಳಾಗಿ ಕಾಣುವ ಕಣ್ಣು ಆಗ ಯಾರಿಗೂ ಇರಲಿಲ್ಲ.

ಶಾಂತಿನಿಕೇತನದಲ್ಲಿ ಥಾನ್ ಯುನ್‌ಶಾನ್ ಆಗಲೂ ಇದ್ದರು. ಅದೇ ವರ್ಷದ ಡಿಸೆಂಬರ್‌ನಲ್ಲಿ ವಿಶ್ವಭಾರತಿಯ ಘಟಿಕೋತ್ಸವಕ್ಕೆ ಬಂದ ನೆಹರೂ, ನಮ್ಮ ಯುದ್ಧ ಚೀನಾದ ಸಂಸ್ಕೃತಿಯ ವಿರುದ್ಧವಲ್ಲ ಎಂಬ ಅರ್ಥದ ಮಾತನ್ನು ಆಡಿದರು. ಯುದ್ಧದಿಂದ ಅತ್ಯಂತ ಹೆಚ್ಚು ನೊಂದ ಪ್ರಧಾನಿಯೇ ಆ ಮಾತಾಡಿದ್ದು ಸಣ್ಣ ವಿಷಯವಲ್ಲ. ಆದರೆ ಆ ಒಂದು ಮಾತು ದೇವ್ಲಿಯವರೆಗೆ ತಲುಪಲಿಲ್ಲ. ಥಾನ್ ಭಾರತ ಬಿಟ್ಟು ಹೋಗಲಿಲ್ಲ. 1983ರಲ್ಲಿ ಬೋಧಗಯೆಯಲ್ಲಿ ತೀರಿಕೊಂಡರು. ಅವರ ಮಗ ಥಾನ್ ಚುಂಗ್ ದಿಲ್ಲಿ ವಿಶ್ವವಿದ್ಯಾಲಯದಲ್ಲೂ ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯದಲ್ಲೂ ಪಾಠ ಮಾಡಿ, ಭಾರತದ ಹಲವು ತಲೆಮಾರುಗಳ ಚೀನೀ ಅಧ್ಯಾಪಕರನ್ನು ಬೆಳೆಸಿದರು.

ಅದೇ ದಶಕದಲ್ಲಿ ಚೀನಾದಲ್ಲೂ ವಿದೇಶಿ ಭಾಷೆ ಬಲ್ಲವರು ಸಂಶಯದ ಕಣ್ಣಿಗೆ ಬಿದ್ದರು. ಸಾಂಸ್ಕೃತಿಕ ಕ್ರಾಂತಿಯ ಹೆಸರಿನ ಗದ್ದಲದಲ್ಲಿ ಚಿ ಶ್ಯೆನ್‌ಲಿನ್ ಹೊಡೆತ ತಿಂದರು, ಅವಮಾನ ಅನುಭವಿಸಿದರು, ಕೊನೆಗೆ ಬಾಗಿಲು ಕಾಯುವ ಕೆಲಸಕ್ಕೆ ಬಿದ್ದರು. 1973ರಿಂದ 1977ರವರೆಗೆ ಆ ಬಾಗಿಲಲ್ಲಿ ಕೂತೇ, ಯಾರಿಗೂ ಕಾಣದಂತೆ ಕಾಗದದ ಚೂರುಗಳಲ್ಲಿ ಬರೆದುಕೊಳ್ಳುತ್ತಾ, ವಾಲ್ಮೀಕಿ ರಾಮಾಯಣವನ್ನು ಸಂಸ್ಕೃತದಿಂದ ಚೀನೀ ಪದ್ಯಕ್ಕೆ ಅನುವಾದಿಸಿದರು. ಅದು 1980ರ ದಶಕದ ಆರಂಭದಲ್ಲಿ ಸಂಪುಟಗಳಾಗಿ ಬಂತು. 2008ರಲ್ಲಿ ಭಾರತ ಅವರಿಗೆ ಪದ್ಮಭೂಷಣ ನೀಡಿತು. ಎರಡೂ ದೇಶಗಳ ಸಂಬಂಧ ಹೆಪ್ಪುಗಟ್ಟಿದ್ದಾಗ ಅದನ್ನು ಜೀವಂತ ಇಟ್ಟವರು ಇಂಥ ಕೆಲವೇ ಅಧ್ಯಾಪಕರು.

ಮಾರುಕಟ್ಟೆಯ ಕರೆ, ಗಡಿಯ ಕರೆ

ಹೊಸ ಶತಮಾನದಲ್ಲಿ ಗಾಳಿ ಬದಲಾಯಿತು. ಚೀನಾದ ಪ್ರಧಾನಿ ಚೂ ರೋಂಗ್‌ಚಿ 2002ರ ಜನವರಿಯಲ್ಲಿ ಬೆಂಗಳೂರಿಗೆ ಬಂದರು. 2005ರ ಏಪ್ರಿಲ್‌ನಲ್ಲಿ ವೆನ್ ಚಿಯಾಪಾವೋ ತಮ್ಮ ಭಾರತ ಪ್ರವಾಸವನ್ನು ಬೆಂಗಳೂರಿನಿಂದಲೇ ಆರಂಭಿಸಿದರು. ಮಾಹಿತಿ ತಂತ್ರಜ್ಞಾನದ ಕಂಪೆನಿಗಳಿಗೆ, ಆಮದು ವ್ಯಾಪಾರಿಗಳಿಗೆ ಚೀನೀ ಬಲ್ಲವರು ಬೇಕಾದರು. ಖಾಸಗಿ ತರಗತಿಗಳು ಹುಟ್ಟಿಕೊಂಡವು. ವೈದ್ಯಕೀಯ ಓದಲು ಸಾವಿರಾರು ಭಾರತೀಯ ಮಕ್ಕಳು ಚೀನಾಕ್ಕೆ ಹೋದರು. ಪಾಠ ಇಂಗ್ಲಿಷಿನಲ್ಲಿ ನಡೆದರೂ ವಾರ್ಡಿನಲ್ಲಿ ಮಲಗಿದ ರೋಗಿಗೆ ಇಂಗ್ಲಿಷ್ ಬರುವುದಿಲ್ಲ. 'ಎಲ್ಲಿ ನೋವು?' ಎಂದು ಕೇಳಲಾದರೂ ಆ ಮಕ್ಕಳು ಚೀನೀ ಕಲಿಯಲೇಬೇಕು. ಇಂದು ಭಾರತೀಯರು ಚೀನೀ ಭಾಷೆಯ ಮೊದಲ ಪಾಠ ಕಲಿಯುವ ದೊಡ್ಡ ಶಾಲೆಗಳಲ್ಲಿ ಇದೂ ಒಂದು ಎಂದರೆ ತಪ್ಪಾಗದು.

ಆದರೆ 2020ರ ಜೂನ್ 15ರಂದು ಗಲ್ವಾನ್ ಕಣಿವೆಯಲ್ಲಿ ನಮ್ಮ 20 ಸೈನಿಕರು ಪ್ರಾಣ ತೆತ್ತಾಗ ಹಳೆಯ ಗಾಯ ಮತ್ತೆ ತೆರೆದುಕೊಂಡಿತು. ಮರುತಿಂಗಳು ಪ್ರಕಟವಾದ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲಿ ಶಾಲೆಯಲ್ಲಿ ಕಲಿಯಬಹುದಾದ ವಿದೇಶಿ ಭಾಷೆಗಳ ಉದಾಹರಣೆಯಾಗಿ ಕೊರಿಯನ್, ಜಪಾನಿ, ಥಾಯ್, ಫ್ರೆಂಚ್, ಜರ್ಮನ್, ಸ್ಪ್ಯಾನಿಷ್, ಪೋರ್ಚುಗೀಸ್, ರಷ್ಯನ್ ಇದ್ದವು. ಹಿಂದಿನ ವರ್ಷದ ಕರಡಿನಲ್ಲಿದ್ದ ಚೀನೀ ಮಾತ್ರ ಕಾಣೆಯಾಗಿತ್ತು. 2025ರಲ್ಲಿ ಎರಡೂ ದೇಶಗಳ ಮಾತುಕತೆ ಮತ್ತೆ ಚಿಗುರಿತು. ಕೈಲಾಸ ಮಾನಸಸರೋವರ ಯಾತ್ರೆ ಮತ್ತೆ ಆರಂಭವಾಯಿತು. ಅಕ್ಟೋಬರ್‌ನಲ್ಲಿ ನೇರ ವಿಮಾನಗಳೂ ಹಾರಿದವು. ವಿಮಾನವನ್ನು ಐದು ವರ್ಷ ನಿಲ್ಲಿಸಿ ಮತ್ತೆ ಹಾರಿಸಬಹುದು. ಭಾಷೆಯ ತರಗತಿಯನ್ನು ಐದು ವರ್ಷ ಮುಚ್ಚಿದರೆ ಮತ್ತೆ ತೆರೆದಾಗ ಕಲಿಸುವವರು ಸಿಗುವುದಿಲ್ಲ.

ಈ ಇತಿಹಾಸದಲ್ಲಿ ನಮಗೆ ಕಾಣುವುದು ಇದು: ನಾವು ಚೀನೀ ಭಾಷೆಯನ್ನು ಋತುಮಾನಕ್ಕೆ ತಕ್ಕಂತೆ ಕಲಿತೆವು. ಗೆಳೆತನದ ಘೋಷಣೆ ಇದ್ದಾಗ ಕಲಿತೆವು, ಭಯ ಬಂದಾಗ ಸೈನ್ಯಕ್ಕಾಗಿ ಕಲಿತೆವು, ಲಾಭ ಕಂಡಾಗ ಮಾರುಕಟ್ಟೆಗಾಗಿ ಕಲಿತೆವು. ಗಾಳಿ ತಿರುಗಿದಾಗಲೆಲ್ಲ ತರಗತಿ ಸೊರಗಿತು. ಭಾಷೆಯೊಂದು ಕೈವಶವಾಗಲು ಹತ್ತು ವರ್ಷ ಬೇಕು, ರಾಜಕೀಯದ ಋತು ಬದಲಾಗಲು ಹತ್ತು ದಿನ ಸಾಕು. ಗಡಿಯಲ್ಲಿ ಬಿಕ್ಕಟ್ಟು ಹುಟ್ಟಿದ ಮೇಲೆ ಅಕ್ಷರಾಭ್ಯಾಸ ಆರಂಭಿಸಿದರೆ, ಬೆಂಕಿ ಬಿದ್ದಾಗ ಬಾವಿ ತೋಡಿದಂತೆ.

ನೆರೆಯವರನ್ನು ನಂಬಬೇಕೋ ಬೇಡವೋ ಎಂಬುದು ಸರಕಾರಗಳ ಪ್ರಶ್ನೆ. ಆದರೆ ನಂಬುವುದಕ್ಕೂ ಅರ್ಥ ಮಾಡಿಕೊಳ್ಳಬೇಕು, ನಂಬದಿರುವುದಕ್ಕೂ ಅರ್ಥ ಮಾಡಿಕೊಳ್ಳಬೇಕು. ಅವರ ಪತ್ರಿಕೆ ಏನು ಬರೆಯುತ್ತದೆ, ಅವರ ಕವಿ ಯಾವುದಕ್ಕೆ ಅಳುತ್ತಾನೆ, ಅವರ ಅಂಗಡಿಯವನು ಏನು ಗೊಣಗುತ್ತಾನೆ ಎಂಬುದನ್ನು ಲಂಡನ್ನಿನಿಂದಲೋ ನ್ಯೂಯಾರ್ಕಿನಿಂದಲೋ ಬಂದ ಇಂಗ್ಲಿಷಿನಲ್ಲಿ ಓದುವಷ್ಟು ದಿನವೂ ನಾವು ಇನ್ನೊಬ್ಬರ ಕನ್ನಡಕದಿಂದಲೇ ನೋಡುತ್ತಿರುತ್ತೇವೆ. ಕನ್ನಡಕ್ಕೆ ಬಂದ ಚೀನೀ ಸಾಹಿತ್ಯದ ಬಹುಪಾಲೂ ಇಂಗ್ಲಿಷಿನ ದಾರಿಯಲ್ಲೇ ಬಂದದ್ದು.

ಕರ್ನಾಟಕದಲ್ಲಿ ವಿಶ್ವವಿದ್ಯಾಲಯಗಳಿಗೆ ಕೊರತೆಯಿಲ್ಲ. ಅವುಗಳಲ್ಲಿ ಎರಡು ಮೂರಾದರೂ ಚೀನೀ ಭಾಷೆಯ ತರಗತಿಯನ್ನು ಕೆಲಸದ ಸರ್ಟಿಫಿಕೇಟಿಗಷ್ಟೇ ಸೀಮಿತಗೊಳಿಸದೆ, ಇತಿಹಾಸ ಮತ್ತು ಕನ್ನಡ ವಿಭಾಗಗಳ ಜೊತೆ ಸೇರಿಸಿ ಗಟ್ಟಿಯಾಗಿ ನಡೆಸಲಿ. ಗಡಿಯ ಸುದ್ದಿ ಏನೇ ಇರಲಿ, ಗಂಟೆ ಹೊಡೆದಾಗ ಆ ತರಗತಿಯ ಬಾಗಿಲು ತೆರೆದಿರಲಿ. ಕಲಿಯುವ ಐವತ್ತು ಮಕ್ಕಳಲ್ಲಿ ನಲವತ್ತೈದು ಮಂದಿ ಕಂಪೆನಿಗಳಿಗೆ ಹೋಗಬಹುದು, ಅದರಲ್ಲೇನೂ ತಪ್ಪಿಲ್ಲ. ಉಳಿದ ಐದು ಮಂದಿ ಸಾಕು. ಪುಲಕೇಶಿಯ ನಾಡಿನ ಬಗ್ಗೆ ಅಂದು ಬರೆದಿಟ್ಟ ಪುಟವನ್ನು, ಅದರ ಜೊತೆಗೆ ಅಲ್ಲಿನ ಇಂದಿನ ಪತ್ರಿಕೆಯನ್ನೂ, ಅವರು ಮೂಲದಲ್ಲೇ ಓದಿ ಕನ್ನಡದಲ್ಲಿ ನಮಗೆ ತಿಳಿಸಬಲ್ಲರು.